ಉಪಮೆ, ರೂಪಕಗಳನ್ನು ಬಿಡಿಸಿ ಓದುವುದು ಹೇಗೆ: ಹಂತ ಹಂತದ ಮಾರ್ಗದರ್ಶಿ

ಕವಿತೆಯ ಒಂದು ಸಾಲು ಕೊಟ್ಟು ಅಲಂಕಾರ ಯಾವುದೆಂದು ಕೇಳಿದರೆ ಹೆಚ್ಚಿನವರು ಮೊದಲು ಹುಡುಕುವುದು ‘ಅಂತೆ’ ಎಂಬ ರೂಪವನ್ನು. ಸಿಕ್ಕರೆ ಉಪಮೆ, ಸಿಗದಿದ್ದರೆ ರೂಪಕ. ಹೆಸರು ಬರೆದು, ‘ಕವಿ ಇಲ್ಲಿ ಬಹಳ ಸೊಗಸಾಗಿ ಹೋಲಿಸಿದ್ದಾನೆ’ ಎಂಬ ವಾಕ್ಯ ಸೇರಿಸಿ ಮುಗಿಸಿಬಿಡುತ್ತಾರೆ. ಹತ್ತನೆಯ ತರಗತಿಯ ಉತ್ತರಪತ್ರಿಕೆಯಲ್ಲಿ ಕಾಣುವ ಈ ತಪ್ಪು ಪದವಿ ತರಗತಿಗಳಲ್ಲೂ ಮುಂದುವರಿಯುತ್ತದೆ. ಎಷ್ಟೋ ಸಲ ಹೆಸರು ಸರಿಯಾಗಿಯೇ ಇರುತ್ತದೆ, ಸಾಲು ಮಾತ್ರ ಅರ್ಥವಾಗಿರುವುದಿಲ್ಲ.

ಆದ್ದರಿಂದ ಇಲ್ಲಿ ಹೆಸರಿಡುವ ಕೆಲಸವನ್ನು ಬೇಕೆಂದೇ ಕೊನೆಗೆ ಇಟ್ಟಿದ್ದೇನೆ. ಹಂತಗಳನ್ನು ಇದೇ ಕ್ರಮದಲ್ಲಿ ಅನುಸರಿಸಿ. ಮೂರನೆಯ ಹಂತ ಬಿಟ್ಟು ಐದಕ್ಕೆ ಹಾರಿದವರು ಮತ್ತೆ ಹಳೆಯ ತಪ್ಪಿಗೇ ಮರಳುತ್ತಾರೆ.

ಬೇಕಾಗುವ ಸಾಮಗ್ರಿ

ಒಂದು ಪೆನ್ಸಿಲ್, ನಾಲ್ಕು ಅಂಕಣ ಗೆರೆ ಎಳೆದ ಒಂದು ಹಾಳೆ, ಒಂದು ಒಳ್ಳೆಯ ನಿಘಂಟು. ಅಂಕಣಗಳ ತಲೆಬರಹ ಹೀಗಿರಲಿ: ಉಪಮೇಯ (ಯಾವುದನ್ನು ಹೋಲಿಸಲಾಗಿದೆ), ಉಪಮಾನ (ಯಾವುದಕ್ಕೆ ಹೋಲಿಸಲಾಗಿದೆ), ಸಮಾನಧರ್ಮ (ಎರಡರಲ್ಲೂ ಇರುವ ಗುಣ ಅಥವಾ ಕ್ರಿಯೆ), ವಾಚಕ (ಹೋಲಿಕೆಯನ್ನು ಸೂಚಿಸುವ ಪದ). ನಿಘಂಟಿನ ವಿಷಯದಲ್ಲಿ ಜಿಪುಣತನ ಬೇಡ. ಕನ್ನಡ ಸಾಹಿತ್ಯ ಪರಿಷತ್ತು ಎಂಟು ಸಂಪುಟಗಳಲ್ಲಿ ತಂದಿರುವ ನಿಘಂಟಿನಲ್ಲಿ ಅರ್ಥದ ಜೊತೆಗೆ ಹಳೆಯ ಕೃತಿಗಳ ಪ್ರಯೋಗವೂ ಇರುತ್ತದೆ. ಕಾವ್ಯ ಓದುವವರಿಗೆ ಅರ್ಥಕ್ಕಿಂತ ಆ ಪ್ರಯೋಗಗಳೇ ಹೆಚ್ಚು ಉಪಯುಕ್ತ.

ಹಂತ 1: ಮೊದಲು ನೇರ ಅರ್ಥ

ಅಲಂಕಾರವನ್ನು ಮರೆತು ಸಾಲನ್ನು ಸಾದಾ ಗದ್ಯದಲ್ಲಿ ಬರೆಯಿರಿ. ಯಾರು ಯಾರಿಗೆ ಹೇಳುತ್ತಿದ್ದಾರೆ, ಯಾವ ಸಂದರ್ಭದಲ್ಲಿ ಎಂಬುದೂ ಸೇರಿರಲಿ. ಗೊತ್ತಿಲ್ಲದ ಪದ ಒಂದೇ ಇದ್ದರೂ ಈ ಹಂತದಲ್ಲೇ ನಿಘಂಟು ತೆರೆಯಬೇಕು. ‘ಶಲಾಕೆ’ ಎಂದರೆ ಕಡ್ಡಿ ಎಂದು ತಿಳಿಯದವರು ‘ಸ್ಫಟಿಕದ ಶಲಾಕೆ’ಯನ್ನು ಸ್ಫಟಿಕದ ಹೊಳಪು ಎಂದು ಊಹಿಸಿ ಮುಂದೆ ಹೋಗುತ್ತಾರೆ. ಆಮೇಲಿನ ವಿವರಣೆ ಎಲ್ಲವೂ ಆ ಊಹೆಯ ಮೇಲೆಯೇ ನಿಲ್ಲುತ್ತದೆ.

ಹಂತ 2: ಮಾತು ಯಾವುದರ ಬಗ್ಗೆ ಎಂದು ಗೊತ್ತುಮಾಡಿಕೊಳ್ಳಿ

ಉಪಮೇಯವನ್ನು ಒಂದೇ ಪದದಲ್ಲಿ ಹಿಡಿಯುವ ಆತುರ ಬೇಡ. ಸರ್ವಜ್ಞನ ಈ ತ್ರಿಪದಿ ಎಲ್ಲರಿಗೂ ಬಾಯಿಪಾಠ:

ಸಾಲವನು ಕೊಂಬಾಗ ಹಾಲೋಗರುಂಡಂತೆ
ಸಾಲಿಗರು ಕೊಂಡು ಎಳೆವಾಗ ಕಿಬ್ಬದಿಯ
ಕೀಲು ಮುರಿದಂತೆ ಸರ್ವಜ್ಞ

ಇಲ್ಲಿ ಉಪಮೇಯ ಯಾವುದು ಎಂದರೆ ‘ಸಾಲ’, ಉಪಮಾನ ಯಾವುದು ಎಂದರೆ ‘ಹಾಲೋಗರ’ ಎಂದು ಬರೆಯುವವರೇ ಹೆಚ್ಚು. ಅದು ತಪ್ಪು. ಹಾಲೋಗರ ಎಂದರೆ ಹಾಲು ಅನ್ನ. ಸಾಲವನ್ನು ಹಾಲು ಅನ್ನಕ್ಕೆ ಹೋಲಿಸಿಲ್ಲ. ಸಾಲ ಪಡೆಯುವ ಗಳಿಗೆಯನ್ನು ಹಾಲು ಅನ್ನ ಉಣ್ಣುವ ಗಳಿಗೆಗೆ ಹೋಲಿಸಿದೆ. ಎರಡನೆಯ ಹೋಲಿಕೆಯಲ್ಲಿ ಇನ್ನೂ ಸ್ಪಷ್ಟ: ಸಾಲ ಕೊಟ್ಟವರು ಬಂದು ಎಳೆದಾಡುವುದು, ಪಕ್ಕೆಯ ಕೆಳಗಿನ ಕೀಲು ಮುರಿಯುವುದು, ಎರಡೂ ಕ್ರಿಯೆಗಳೇ. ‘ಕೊಂಬಾಗ’, ‘ಎಳೆವಾಗ’ ಎಂಬ ಎರಡು ಪದಗಳನ್ನು ಬಿಟ್ಟು ಓದಿದವರ ಕೈಗೆ ಈ ತ್ರಿಪದಿ ಸಿಗುವುದಿಲ್ಲ. ಅದೇ ಸಾಲ, ಅದೇ ಮನುಷ್ಯ, ಬದಲಾಗಿರುವುದು ಕಾಲ. ಒಂದು ಬಾಯಿಗೆ ಹಿತ, ಇನ್ನೊಂದು ಮೈಗೆ ನೋವು.

ನಿಯಮ ಇಷ್ಟೇ: ‘ಅಂತೆ’ಯ ಹಿಂದೆ ಕ್ರಿಯಾರೂಪ ಇದ್ದರೆ (ಉಂಡಂತೆ, ಮುರಿದಂತೆ) ಉಪಮೇಯವೂ ಬಹುಮಟ್ಟಿಗೆ ಕ್ರಿಯೆಯೇ. ಅಂಕಣದಲ್ಲಿ ಕ್ರಿಯೆಯನ್ನೇ ಬರೆಯಿರಿ.

ಹಂತ 3: ‘ಅಂತೆ’ಯನ್ನು ಪರೀಕ್ಷಿಸಿ

ಅತಿ ಹೆಚ್ಚು ಜನ ಎಡವುವ ಜಾಗ ಇದು. ಕನ್ನಡದಲ್ಲಿ ‘ಅಂತೆ’ ಮುಖ್ಯವಾಗಿ ನಾಲ್ಕು ಕೆಲಸ ಮಾಡುತ್ತದೆ, ಅದರಲ್ಲಿ ಉಪಮೆ ಒಂದು ಮಾತ್ರ.

‘ಅವನು ನಾಳೆ ಬರುತ್ತಾನಂತೆ’ ಎಂಬಲ್ಲಿ ಅದು ಬೇರೆಯವರಿಂದ ಕೇಳಿದ ಸುದ್ದಿ. ‘ಬೇಗ ಬರುವಂತೆ ಹೇಳು’ ಎಂಬಲ್ಲಿ ಅದು ಉದ್ದೇಶ. ‘ವೈದ್ಯರು ಹೇಳಿದಂತೆ ಮಾಡಿ’ ಎಂಬಲ್ಲಿ ಅನುಸರಣೆ. ‘ಮಂಜಿನಂತೆ ಕರಗಿತು’ ಎಂಬಲ್ಲಿ ಮಾತ್ರ ಹೋಲಿಕೆ. ಕುಮಾರವ್ಯಾಸನ ‘ಇಳೆಯ ಜಾಣರು ಮೆಚ್ಚುವಂತಿರೆ’ ಎಂಬ ಮಾತನ್ನು ಉಪಮೆ ಎಂದು ಗುರುತು ಹಾಕುವವರಿದ್ದಾರೆ. ಅಲ್ಲಿ ಯಾವುದನ್ನು ಯಾವುದಕ್ಕೆ ಹೋಲಿಸಿದೆ? ಜಾಣರು ಮೆಚ್ಚುವ ಹಾಗೆ ಕಥೆ ಹೇಳುತ್ತೇನೆ ಎಂಬುದು ಕವಿಯ ಉದ್ದೇಶ, ಹೋಲಿಕೆ ಅಲ್ಲ.

ಹೋಲಿಕೆ ಇದ್ದರೂ ಸಾಲದು. ‘ಹುಬ್ಬಳ್ಳಿಯಂತೆ ಧಾರವಾಡದಲ್ಲೂ ಮಳೆಯಾಯಿತು’, ‘ತಮ್ಮನೂ ಅಣ್ಣನಂತೆ ಎತ್ತರ’ ಇವು ಉಪಮೆಗಳಲ್ಲ. ಒಂದೇ ಜಾತಿಯ ಎರಡು ವಸ್ತುಗಳನ್ನು ಪಕ್ಕದಲ್ಲಿಟ್ಟು ಅಳೆಯುವುದು ಬರಿಯ ವರದಿ. ಬೇರೆ ಬೇರೆ ಲೋಕದ ಎರಡು ವಸ್ತುಗಳು ಒಂದು ಗುಣದಿಂದ ಹತ್ತಿರ ಬಂದು, ಆ ಹತ್ತಿರ ಬರುವಿಕೆ ಮನಸ್ಸಿಗೆ ಹಿತವಾದಾಗ ಉಪಮೆ ಹುಟ್ಟುತ್ತದೆ.

ಇನ್ನೊಂದು ಎಚ್ಚರಿಕೆ ಹಳೆಯ ಪಠ್ಯ ಓದುವವರಿಗೆ. ಹಳಗನ್ನಡದಲ್ಲಿ ‘ವೊಲ್’, ‘ಅಂತೆವೊಲ್’, ನಡುಗನ್ನಡದಲ್ಲಿ ‘ವೊಲು’, ‘ತೆರದಿ’, ‘ಅಂದದಿ’, ಸಂಸ್ಕೃತ ಪದಗಳ ನಡುವೆ ‘ಸಮ’, ‘ಸದೃಶ’, ‘ಸನ್ನಿಭ’ ಇವೆಲ್ಲ ವಾಚಕಗಳೇ. ‘ಅಂತೆ’ ಇಲ್ಲವೆಂದು ಸಾಲನ್ನು ರೂಪಕದ ಕಡೆಗೆ ತಳ್ಳಬೇಡಿ.

ಹಂತ 4: ಸಮಾನಧರ್ಮವನ್ನು ಹೊರತೆಗೆಯಿರಿ

ಇಡೀ ಕೆಲಸದ ತಿರುಳು ಇಲ್ಲಿದೆ. ಶಾಲೆಯ ಉದಾಹರಣೆಗಳಲ್ಲಿ ಸಮಾನಧರ್ಮವನ್ನು ಬಾಯಿಬಿಟ್ಟು ಹೇಳಿರುತ್ತದೆ: ‘ಸೀತೆಯ ಮುಖ ಕಮಲದಂತೆ ಅರಳಿತು’ ಎಂಬಲ್ಲಿ ‘ಅರಳಿತು’. ನಾಲ್ಕೂ ಅಂಗ ಇರುವುದರಿಂದ ಅದು ಪೂರ್ಣೋಪಮೆ. ನಿಜವಾದ ಕವಿತೆಯಲ್ಲಿ ಮೂರನೆಯ ಅಂಕಣ ಬಹುಪಾಲು ಖಾಲಿ ಇರುತ್ತದೆ. ಅದನ್ನು ತುಂಬುವುದು ಓದುಗನ ಕೆಲಸ. ಬಸವಣ್ಣನವರ ವಚನ ನೋಡಿ:

ನುಡಿದರೆ ಮುತ್ತಿನ ಹಾರದಂತಿರಬೇಕು
ನುಡಿದರೆ ಮಾಣಿಕ್ಯದ ದೀಪ್ತಿಯಂತಿರಬೇಕು
ನುಡಿದರೆ ಸ್ಫಟಿಕದ ಶಲಾಕೆಯಂತಿರಬೇಕು
ನುಡಿದರೆ ಲಿಂಗ ಮೆಚ್ಚಿ ಅಹುದಹುದೆನಬೇಕು

ಮೂರು ಉಪಮಾನಗಳಿಗೂ ಸೇರಿಸಿ ‘ಮಾತು ಸುಂದರವಾಗಿರಬೇಕು’ ಎಂದು ಬರೆದರೆ ಮೂರು ಸಾಲುಗಳನ್ನು ವ್ಯರ್ಥ ಮಾಡಿದಂತೆ. ಒಂದೇ ಅರ್ಥಕ್ಕೆ ಮೂರು ಸಾಲು ಖರ್ಚು ಮಾಡುವ ವಚನಕಾರರಲ್ಲ ಅವರು. ಬದಲಿ ಪರೀಕ್ಷೆ ಮಾಡಿ: ಉಪಮಾನದ ಹತ್ತಿರದ ಇನ್ನೊಂದು ವಸ್ತುವನ್ನು ಅಲ್ಲಿ ಇಟ್ಟು, ಏನು ಕಳೆಯಿತು ಎಂದು ನೋಡಬೇಕು.

‘ಮುತ್ತಿನ ಹಾರ’ದ ಜಾಗದಲ್ಲಿ ‘ಮುತ್ತಿನ ರಾಶಿ’ ಇಡಿ. ಬೆಲೆ ಉಳಿಯಿತು, ಹೊಳಪು ಉಳಿಯಿತು. ಪೋಣಿಸಿದ ಕ್ರಮ ಹೋಯಿತು. ಹಾಗಾದರೆ ಇಲ್ಲಿ ಬೇಕಾದದ್ದು ಆ ಕ್ರಮ, ಒಂದು ಮಾತಿಗೂ ಮುಂದಿನ ಮಾತಿಗೂ ಇರುವ ದಾರ. ‘ಮಾಣಿಕ್ಯದ ದೀಪ್ತಿ’ಯ ಜಾಗದಲ್ಲಿ ‘ಮಾಣಿಕ್ಯ’ ಇಡಿ. ಕಲ್ಲು ಉಳಿಯಿತು, ಬೆಳಕು ಹೋಯಿತು. ಮಾತಿನಿಂದ ಕೇಳುವವನಿಗೆ ಏನೋ ಕಾಣಬೇಕು ಎಂಬುದು ಎರಡನೆಯ ಸಾಲಿನ ಒತ್ತು. ‘ಸ್ಫಟಿಕದ ಶಲಾಕೆ’ಯ ಜಾಗದಲ್ಲಿ ‘ಸ್ಫಟಿಕದ ಮಣಿ’ ಇಡಿ. ಪಾರದರ್ಶಕತೆ ಉಳಿಯಿತು, ನೇರ ಹೋಯಿತು. ಒಳಗೆ ಏನನ್ನೂ ಬಚ್ಚಿಡದೆ, ಎಲ್ಲೂ ಬಾಗದೆ ಇರುವ ಮಾತು ಅದು. ಮೂರು ಸಾಲುಗಳಿಂದ ಮೂರು ಬೇರೆ ಬೇರೆ ಗುಣ ಸಿಕ್ಕವು: ಕ್ರಮ, ಬೆಳಕು, ನೇರವಂತಿಕೆ.

ನಾಲ್ಕನೆಯ ಸಾಲಿನ ಬಗ್ಗೆ ಎಚ್ಚರ. ‘ನುಡಿದರೆ’ ಎಂದೇ ಆರಂಭವಾಗುವುದರಿಂದ ಕೈ ತಾನಾಗಿ ಅದನ್ನೂ ಉಪಮೆಯ ಪಟ್ಟಿಗೆ ಸೇರಿಸುತ್ತದೆ. ಅಲ್ಲಿ ಹೋಲಿಕೆ ಇಲ್ಲ. ಹೋಲಿಕೆಗಳ ಸಾಲು ನಿಂತು, ಮಾತಿಗೆ ಒಪ್ಪಿಗೆಯ ಮುದ್ರೆ ಬೀಳಬೇಕಾದ ಜಾಗ ಅದು. ನುಡಿಯಂತೆ ನಡೆ ಇರದಿದ್ದರೆ ದೇವರು ಹೇಗೆ ಒಲಿದಾನು ಎಂಬ ಮುಂದಿನ ಪ್ರಶ್ನೆಗೆ ದಾರಿ ಇಲ್ಲಿಂದಲೇ ತೆರೆಯುತ್ತದೆ.

ಹಂತ 5: ರೂಪಕಕ್ಕೆ ಕ್ರಿಯಾಪದವನ್ನು ಕೇಳಿ

ಉಪಮೆಯಲ್ಲಿ ಎರಡು ವಸ್ತು ಒಂದರ ಹಾಗೆ ಇನ್ನೊಂದು. ರೂಪಕದಲ್ಲಿ ಒಂದೇ ಇನ್ನೊಂದು. ಇದು ಎಲ್ಲರಿಗೂ ಗೊತ್ತು. ಗುರುತಿಸುವ ದಾರಿ ಮಾತ್ರ ಗೊತ್ತಿರುವುದಿಲ್ಲ.

ಮೊದಲ ಗುರುತು ‘ಎಂಬ’: ಸಂಸಾರವೆಂಬ ಸಾಗರ, ಹೃದಯವೆಂಬ ಮಡಕೆ. ಇದರಲ್ಲಿ ತಪ್ಪು ಆಗುವುದು ಕಡಿಮೆ.

ಎರಡನೆಯದು ‘ಏ’: ‘ಎನ್ನ ಕಾಲೇ ಕಂಬ, ದೇಹವೇ ದೇಗುಲ, ಶಿರವೇ ಹೊನ್ನ ಕಳಶವಯ್ಯಾ’. ಇದರಲ್ಲಿ ಮೋಸ ಹೋಗುವುದು ಸುಲಭ. ‘ನೀರಿಂಗೆ ನೈದಿಲೆಯೇ ಶೃಂಗಾರ’ ಎಂಬ ವಚನದಲ್ಲೂ ‘ಏ’ ಇದೆ, ಆದರೆ ಅಲ್ಲಿ ನೈದಿಲೆ ಬೇರೆ ವಸ್ತುವಾಗಿ ಮಾರ್ಪಟ್ಟಿಲ್ಲ. ನೈದಿಲೆ ನಿಜವಾಗಿಯೂ ನೀರಿಗೆ ಶೃಂಗಾರವೇ. ಪಂಪನ ‘ಮರಿದುಂಬಿಯಾಗಿ ಮೇಣ್ ಕೋಗಿಲೆಯಾಗಿ ಪುಟ್ಟುವುದು’ ಎಂಬ ಮಾತೂ ರೂಪಕ ಅಲ್ಲ. ಬನವಾಸಿಯಲ್ಲಿ ದುಂಬಿಯಾಗಿ ಅಥವಾ ಕೋಗಿಲೆಯಾಗಿ ಹುಟ್ಟಬೇಕು ಎಂಬ ನೇರ ಹಂಬಲ ಅದು.

ಮೂರನೆಯದು ಸಮಾಸ. ‘ಮುಖಕಮಲ’ ಎಂದು ಕಂಡ ಕೂಡಲೇ ರೂಪಕ ಎಂದು ಬರೆಯುವ ಬದಲು ವಾಕ್ಯದ ಕ್ರಿಯಾಪದ ನೋಡಿ. ‘ಮುಖಕಮಲ ಅರಳಿತು’ ಎಂದರೆ ಅರಳುವುದು ಕಮಲದ ಕೆಲಸ. ಮುಖ ಕಮಲವೇ ಆಗಿಬಿಟ್ಟಿದೆ, ರೂಪಕ. ‘ತಾಯಿ ಮಗುವಿನ ಮುಖಕಮಲಕ್ಕೆ ಮುತ್ತಿಟ್ಟಳು’ ಎಂದರೆ ಮುತ್ತು ಸಲ್ಲುವುದು ಮುಖಕ್ಕೆ; ಕಮಲ ಹೋಲಿಕೆಗೆ ಬಂದದ್ದು, ಉಪಮೆಯ ಕಡೆಗೆ ವಾಲುತ್ತದೆ. ‘ಕಮಲಮುಖಿ’, ‘ತಾವರೆಗಣ್ಣು’ ಎಂಬಂಥವುಗಳಲ್ಲಿ ಉಪಮಾನ ಮೊದಲು ಬಂದು ವಾಚಕವೂ ಧರ್ಮವೂ ಅಡಗಿವೆ, ಅವು ಲುಪ್ತೋಪಮೆಗಳು.

ಕೊನೆಯದು, ಅತಿ ಕಷ್ಟದ್ದು: ಉಪಮಾನದ ಹೆಸರೇ ಇಲ್ಲದ ರೂಪಕ. ಪಂಪನ ಸಾಲು ಕನ್ನಡಿಗರೆಲ್ಲರಿಗೂ ಗೊತ್ತು:

ಆರಂಕುಶವಿಟ್ಟೊಡಂ ನೆನೆವುದೆನ್ನ ಮನಂ ಬನವಾಸಿ ದೇಶಮಂ

ಯಾರು ಅಂಕುಶವಿಟ್ಟು ತಡೆದರೂ ನನ್ನ ಮನಸ್ಸು ಬನವಾಸಿಯನ್ನು ನೆನೆಯುತ್ತದೆ ಎಂಬುದು ನೇರ ಅರ್ಥ. ಆನೆ ಎಂಬ ಪದ ಈ ಸಾಲಿನಲ್ಲಿ ಎಲ್ಲೂ ಇಲ್ಲ. ಆದರೆ ಅಂಕುಶ ಮಾವುತನ ಕೈಯ ಆಯುಧ, ಅದನ್ನು ಇಡುವುದು ಆನೆಗೆ. ಒಂದು ಉಪಕರಣದ ಹೆಸರು ಹೇಳಿ ಕವಿ ಮನಸ್ಸನ್ನು ಆನೆಯಾಗಿಸಿದ್ದಾನೆ. ಸಮಾನಧರ್ಮ ಯಾವುದು? ಗಾತ್ರ ಅಲ್ಲ, ಬಣ್ಣ ಅಲ್ಲ. ಹಿಡಿತಕ್ಕೆ ಸಿಗದ ಬಲ. ಇಲ್ಲಿಗೆ ನಿಲ್ಲಬೇಕು. ಆನೆ ಬಂತೆಂದು ಸೊಂಡಿಲು, ದಂತ, ಮದಜಲ ಎಂದು ಬರೆಯುತ್ತ ಹೋದರೆ ಅದು ಪಂಪನ ಸಾಲಿನ ಓದಾಗುವುದಿಲ್ಲ.

ಇಂಥ ಸಾಲು ಎದುರಾದಾಗ ಕೇಳಬೇಕಾದ ಪ್ರಶ್ನೆ: ಈ ಕ್ರಿಯೆ ಅಥವಾ ಉಪಕರಣ ಲೋಕದಲ್ಲಿ ನಿಜವಾಗಿ ಯಾವುದಕ್ಕೆ ಸೇರಿದ್ದು? ಆ ಉತ್ತರವೇ ಅಡಗಿರುವ ಉಪಮಾನ.

ಹಂತ 6: ಹೊಂದದಿರುವುದನ್ನೂ ನೋಡಿ

ಹೊಂದುವ ಅಂಶ ಸಿಕ್ಕ ಮೇಲೆ ಕೆಲಸ ಮುಗಿಯಿತು ಎಂದುಕೊಳ್ಳುವುದು ಸಹಜ. ‘ಕಾಲೇ ಕಂಬ’ ವಚನವನ್ನೇ ಮತ್ತೆ ತೆಗೆದುಕೊಳ್ಳಿ. ಕಾಲು, ದೇಹ, ಶಿರ ಎಂದು ಕೆಳಗಿನಿಂದ ಮೇಲಕ್ಕೆ, ದೇಗುಲ ಕಟ್ಟುವ ಕ್ರಮದಲ್ಲೇ ವಚನ ಏರುತ್ತದೆ. ಕಾಲು ಕಂಬದ ಹಾಗೆ ಭಾರ ಹೊರುತ್ತದೆ, ತಲೆ ಕಳಶದ ಹಾಗೆ ಮೇಲಿರುತ್ತದೆ. ಎಲ್ಲ ಹೊಂದಿತು. ಹೊಂದದ್ದು ಯಾವುದು? ಕಂಬ ನಿಂತಲ್ಲೇ ನಿಲ್ಲುತ್ತದೆ, ಕಾಲು ನಡೆಯುತ್ತದೆ.

ಈಗ ಕೊನೆಯ ಸಾಲು ಓದಿ: ‘ಸ್ಥಾವರಕ್ಕಳಿವುಂಟು ಜಂಗಮಕ್ಕಳಿವಿಲ್ಲ’. ನಿಂತದ್ದಕ್ಕೆ ಅಳಿವುಂಟು, ನಡೆಯುವುದಕ್ಕೆ ಇಲ್ಲ. ವಚನದ ಶಕ್ತಿ ಇರುವುದು ಹೋಲಿಕೆ ಒಡೆಯುವ ಆ ಬಿರುಕಿನಲ್ಲಿ. ಉಳ್ಳವರ ದೇಗುಲಕ್ಕಿಂತ ಬಡವನ ದೇಹ ಹೇಗೆ ಮೇಲು ಎಂಬ ಉತ್ತರ ಅಲ್ಲಿಂದಲೇ ಬರುತ್ತದೆ. ಹೊಂದುವ ಅಂಶಗಳನ್ನು ಮಾತ್ರ ಪಟ್ಟಿ ಮಾಡಿದವರಿಗೆ ಕೊನೆಯ ಸಾಲು ಮೇಲಿನ ಸಾಲುಗಳಿಗೆ ಸಂಬಂಧವಿಲ್ಲದ ಉಪದೇಶದಂತೆ ಕಾಣುತ್ತದೆ.

ಹಂತ 7: ದಿನಬಳಕೆಯ ಮಾತಿಗೂ ಇದೇ ಕ್ರಮ

ತಲೆ ತಿನ್ನುವುದು, ಹೊಟ್ಟೆ ಉರಿಯುವುದು, ಕೋಪ ನೆತ್ತಿಗೇರುವುದು, ಸಾಲದ ಹೊರೆ, ಬೆಲೆ ಗಗನಕ್ಕೇರುವುದು: ಇವೆಲ್ಲ ರೂಪಕಗಳೇ. ಬಳಸಿ ಬಳಸಿ ಚಿತ್ರ ಸವೆದು ಅರ್ಥ ಮಾತ್ರ ಉಳಿದಿದೆ. ಇವುಗಳನ್ನು ಬಿಡಿಸುತ್ತ ಕೂರುವ ಅಗತ್ಯ ಹೆಚ್ಚಿಲ್ಲ.

ಆದರೆ ಕೆಲವನ್ನು ಬಿಡಿಸಲೇಬೇಕು. ಚುನಾವಣೆಯ ಸುದ್ದಿ ತೆಗೆದುಕೊಳ್ಳಿ. ಮತದಾನ, ಮತಯಾಚನೆ, ಮತಬೇಟೆ, ಮತಬ್ಯಾಂಕ್. ನಾಲ್ಕರಲ್ಲೂ ಉಪಮೇಯ ಮತವೇ. ಮತದಾನದಲ್ಲಿ ಮತ ದಾನ, ಮತದಾರ ದಾನಿ. ಯಾಚನೆಯಲ್ಲಿ ಅಭ್ಯರ್ಥಿ ಕೈಯೊಡ್ಡಿ ನಿಂತ ಯಾಚಕ. ಬೇಟೆಯಲ್ಲಿ ಅದೇ ಅಭ್ಯರ್ಥಿ ಬೇಟೆಗಾರ, ಮತ ಅವನು ಹೊಡೆದು ತರಬೇಕಾದ ಪ್ರಾಣಿ. ಬ್ಯಾಂಕ್‌ನಲ್ಲಿ ಮತದಾರನ ಇಚ್ಛೆಗೆ ಜಾಗವೇ ಇಲ್ಲ; ಯಾರೋ ಇಟ್ಟ ಠೇವಣಿ ಅದು. ಮನೆ ಬಾಗಿಲಿಗೆ ಬಂದು ಕೈಮುಗಿದ ಒಂದೇ ದೃಶ್ಯವನ್ನು ಒಂದು ಪತ್ರಿಕೆ ‘ಮತಯಾಚನೆ’ ಎಂದೂ ಇನ್ನೊಂದು ‘ಮತಬೇಟೆ’ ಎಂದೂ ಬರೆಯಬಹುದು. ಓದುಗನ ಮನಸ್ಸಿನಲ್ಲಿ ಯಾರು ಮೇಲೆ, ಯಾರು ಕೆಳಗೆ ಎಂಬುದು ಆ ಒಂದು ಪದದಿಂದ ತೀರ್ಮಾನವಾಗಿರುತ್ತದೆ. ಸುದ್ದಿಯ ತಲೆಬರಹ ಓದುವಾಗ ಎರಡನೆಯ ಅಂಕಣವನ್ನು ತುಂಬುವ ಅಭ್ಯಾಸ ಮಾಡಿಕೊಳ್ಳಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಗಾದೆಗಳಲ್ಲಿ ಉಪಮೇಯ ಬಹಳ ಸಲ ಮಾತಿನ ಹೊರಗೆ, ಸಂದರ್ಭದಲ್ಲಿ ಇರುತ್ತದೆ. ‘ಹಿತ್ತಲ ಗಿಡ ಮದ್ದಲ್ಲ’ ಎಂದವರು ಗಿಡದ ಬಗ್ಗೆ ಮಾತಾಡುತ್ತಿಲ್ಲ. ಯಾರ ಬಗ್ಗೆ ಎಂಬುದನ್ನು ಸಂದರ್ಭದಿಂದ ತಂದು ಮೊದಲ ಅಂಕಣದಲ್ಲಿ ಬರೆಯಿರಿ.

ಹಂತ 8: ಈಗ ಹೆಸರಿಡಿ

ನಾಲ್ಕು ಅಂಕಣ ತುಂಬಿದ ಮೇಲೆ ಹೆಸರು ತಾನಾಗಿ ಬರುತ್ತದೆ. ಪಕ್ಕದ ಎರಡು ಅಲಂಕಾರಗಳ ಗಡಿ ಮಾತ್ರ ನೆನಪಿರಲಿ.

‘ಮೊದಲ ಮಳೆಗೆ ನೆಲ ನಿಟ್ಟುಸಿರು ಬಿಟ್ಟಿತೋ ಎಂಬಂತೆ ಆವಿ ಎದ್ದಿತು’ ಎಂಬಲ್ಲಿ ‘ಅಂತೆ’ ಇದೆ, ಆದರೆ ಕವಿ ಇರುವ ಹೋಲಿಕೆಯನ್ನು ತೋರಿಸುತ್ತಿಲ್ಲ, ಇಲ್ಲದ್ದನ್ನು ಊಹಿಸುತ್ತಿದ್ದಾನೆ. ‘ಓ ಎಂಬಂತೆ’, ‘ಏನೋ ಎನ್ನುವಂತೆ’ ಬಂದರೆ ಉತ್ಪ್ರೇಕ್ಷೆಯನ್ನು ಶಂಕಿಸಿ.

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬಲ್ಲಿ ಎರಡು ಪೂರ್ಣ ವಾಕ್ಯಗಳು, ನಡುವೆ ವಾಚಕವಿಲ್ಲ, ಒಂದು ಇನ್ನೊಂದರ ಪ್ರತಿಬಿಂಬ. ಅದು ದೃಷ್ಟಾಂತ.

ದಾರಿ ತಪ್ಪುತ್ತಿದ್ದೀರಿ ಎಂದು ತೋರಿಸುವ ಸೂಚನೆಗಳು

ನಿಮ್ಮ ವಿವರಣೆಯಲ್ಲಿ ‘ಸುಂದರ’, ‘ಸೊಗಸು’, ‘ಅದ್ಭುತ’ ಎಂಬ ಪದಗಳು ಸಮಾನಧರ್ಮದ ಜಾಗದಲ್ಲಿ ಕುಳಿತಿದ್ದರೆ ಹಂತ 4ಕ್ಕೆ ಮರಳಿ. ನೀವು ಬರೆದ ಗುಣ ಉಪಮಾನಕ್ಕೆ ಮಾತ್ರ ಹೊಂದಿ ಉಪಮೇಯಕ್ಕೆ ಹೊಂದದಿದ್ದರೆ ಅದು ಸಮಾನಧರ್ಮವೇ ಅಲ್ಲ. ಒಂದು ಕವಿತೆಯ ಚಂದ್ರನಿಗೆ ಬರೆದ ವಿವರಣೆ ಇನ್ನೊಂದು ಕವಿತೆಯ ಚಂದ್ರನಿಗೂ ಪದ ಬದಲಿಸದೆ ಸಲ್ಲುತ್ತಿದ್ದರೆ ನೀವು ಎರಡನ್ನೂ ಓದಿಲ್ಲ.

ಹಳೆಯ ಕಾವ್ಯದಲ್ಲಿ ‘ಗಜಗಮನೆ’ ಎಂದರೆ ಹೊಗಳಿಕೆ: ಗಂಭೀರವಾದ, ಆತುರವಿಲ್ಲದ ನಡಿಗೆ. ಇಂದು ‘ಆನೆಯಂತೆ ನಡೆಯುತ್ತಾಳೆ’ ಎಂದರೆ ಜಗಳವಾದೀತು. ಉಪಮಾನದ ಬೆಲೆ ಕಾಲದಿಂದ ಕಾಲಕ್ಕೆ ಬದಲಾಗುತ್ತದೆ. ಅದನ್ನು ಕವಿಯ ಕಾಲದಲ್ಲಿ ತೂಗಿ.

ಸಮನ್ವಯ (ಅಲಂಕಾರದ ವಿವರಣೆ) ಬರೆಯುವ ಮಾದರಿ

ಕೃಷ್ಣನಿಂದ ತನ್ನ ಜನ್ಮರಹಸ್ಯ ಕೇಳಿದ ಕರ್ಣ ಮನಸ್ಸಿನಲ್ಲೇ ನೋಯುವ ಸಂದರ್ಭದ ಕುಮಾರವ್ಯಾಸನ ಸಾಲು ಇದು:

ಹರಿಯ ಹಗೆ ಹೊಗೆದೋರದುರುಹದೆ ಬರಿದೆ ಹೋಹುದೆ

ಕೃಷ್ಣನ ಹಗೆ ಹೊಗೆ ತೋರಿ ಸುಡದೆ ಸುಮ್ಮನೆ ಹೋದೀತೇ ಎಂಬುದು ನೇರ ಅರ್ಥ.

ದುರ್ಬಲ ಉತ್ತರ: ‘ಇಲ್ಲಿ ಕೃಷ್ಣನ ಹಗೆಯನ್ನು ಹೊಗೆಗೆ ಹೋಲಿಸಲಾಗಿದೆ.’ ಹೊಗೆಯ ಹೆಸರು ಕಂಡದ್ದರಿಂದ ಅದೇ ಉಪಮಾನ ಎಂದುಕೊಂಡ ತಪ್ಪು ಇದು.

ಸರಿಯಾದ ಉತ್ತರ ಹೀಗಿರಲಿ: ‘ಹೊಗೆ ತೋರುವುದು, ಸುಡುವುದು ಬೆಂಕಿಯ ಕ್ರಿಯೆಗಳು. ಬೆಂಕಿಯ ಹೆಸರು ಹೇಳದೆ ಅದರ ಕ್ರಿಯೆಗಳನ್ನು ಹಗೆಗೆ ಸಲ್ಲಿಸಿರುವುದರಿಂದ ಹಗೆಯೇ ಬೆಂಕಿ ಎಂಬ ರೂಪಕ ಇಲ್ಲಿ ಅಡಗಿದೆ. ಉಪಮೇಯ ಹಗೆ, ಉಪಮಾನ ಬೆಂಕಿ, ಸಮಾನಧರ್ಮ ಹತ್ತಿದ ಮೇಲೆ ಸುಡದೆ ಬಿಡದಿರುವುದು. ಕರ್ಣ ಪ್ರಶ್ನೆಯ ರೂಪದಲ್ಲಿ ಹೇಳಿಕೊಳ್ಳುವುದರಿಂದ, ಕೌರವನ ಕೇಡು ತಪ್ಪದು ಎಂದು ಅವನಿಗೆ ಆಗಲೇ ಮನವರಿಕೆಯಾಗಿರುವುದೂ ತಿಳಿಯುತ್ತದೆ.’

ಪರೀಕ್ಷೆಯಲ್ಲಿ ಸಮಯ ಕಡಿಮೆ ಇದ್ದರೆ ಕೊನೆಯ ವಾಕ್ಯವನ್ನು ಬಿಡಬಹುದು. ಉಪಮೇಯ, ಉಪಮಾನ, ಸಮಾನಧರ್ಮ ಮೂರನ್ನೂ ಹೇಳಿದ ನಡುವಿನ ವಾಕ್ಯವನ್ನು ಬಿಡುವಂತಿಲ್ಲ.